ಜರ್ಮನಿಗೆ ಹಣ ಕಳಿಸುವ ಮುನ್ನ

ದಾವಣಗೆರೆ

ಚಿರಂಜೀವಿ ರಾಘವೇಂದ್ರನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ಮಗಳು ಸಿಂಚನಾಳಿಗೆ ಜರ್ಮನಿಯಲ್ಲಿ ಸೀಟು ಸಿಕ್ಕಿದ್ದು ಕೇಳಿ ನಿನ್ನ ದೊಡ್ಡಪ್ಪನಿಗೂ ನನಗೂ ಬಹಳ ಸಂತೋಷವಾಯಿತು. ಅವಳ ಬ್ಲಾಕ್ಡ್ ಅಕೌಂಟಿಗೆ, ಅಂದರೆ ಅಲ್ಲಿನ ಜೀವನ ಖರ್ಚಿಗೆಂದು ಮೊದಲೇ ತುಂಬಿಟ್ಟು ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ಖಾತೆಗೆ, ಎಲ್ಲಿಂದ ಹಣ ಕಳಿಸಿದರೆ ಅಗ್ಗವಾದೀತು ಎಂದು ನೀನು ಕೇಳಿದ್ದೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ಇದೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಫೋನಿನಲ್ಲಿ ಹೇಳಿದ ಲೆಕ್ಕ ನೆನಪಿನಲ್ಲಿ ಉಳಿಯುವುದಿಲ್ಲವಾದ್ದರಿಂದ ಬರೆದೇ ತಿಳಿಸುತ್ತಿದ್ದೇನೆ.

‘ಶುಲ್ಕವೇ ಇಲ್ಲ’ ಎಂಬ ಜಾಹೀರಾತು ನೋಡಿ ಒಂದು ಆ್ಯಪ್ ಮೇಲೆ ಮನಸ್ಸಿಟ್ಟಿರುವೆ ಎಂದು ಕಾಣುತ್ತದೆ. ಶುಲ್ಕವೆಂಬುದು ಈ ವ್ಯವಹಾರದಲ್ಲಿ ಸಣ್ಣ ಬಾಬತ್ತು. ಹಣ ಹೋಗುವುದು ವಿನಿಮಯ ದರದಲ್ಲಿ. ಅಂದಿನ ಮಾರುಕಟ್ಟೆ ದರಕ್ಕೂ ಅವರು ನಿನಗೆ ಯೂರೊ ಮಾರುವ ದರಕ್ಕೂ ನಡುವೆ ಇರುವ ಅಂತರವೇ ಅವರ ಲಾಭ, ಮತ್ತು ಅದು ಸಾಮಾನ್ಯವಾಗಿ ರಸೀದಿಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ವಿದ್ಯಾರ್ಥಿ ವೀಸಾಕ್ಕೆ ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ 992 ಯೂರೊ ತೋರಿಸಬೇಕೆಂಬ ನಿಯಮ 2024ರ ಸೆಪ್ಟೆಂಬರಿನಿಂದ ಇದೆ. ಯೂರೊ ಒಂದಕ್ಕೆ ಎರಡು ರೂಪಾಯಿ ಹೆಚ್ಚು ಹಾಕಿದರೂ ನಿನ್ನ ಕೈಯಿಂದ 23,808 ರೂಪಾಯಿ ಹೋದಂತಾಯಿತು. ಇದರ ಮುಂದೆ ಸಾವಿರ ರೂಪಾಯಿಯ ಶುಲ್ಕ ಬಿಟ್ಟುಕೊಟ್ಟರೆ ಅವರಿಗೇನು ನಷ್ಟ?

ಆದುದರಿಂದ ಎಲ್ಲಿ ಹೋದರೂ ಒಂದೇ ಪ್ರಶ್ನೆ ಕೇಳು: ‘ಅಲ್ಲಿ ಸರಿಯಾಗಿ 11,904 ಯೂರೊ ಜಮೆಯಾಗಬೇಕಾದರೆ ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಖರ್ಚು ಬೀಳುತ್ತದೆ?’ ನಿನ್ನ ಬ್ಯಾಂಕು, ಇನ್ನೊಂದು ಬ್ಯಾಂಕು, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಒಂದು ವಿನಿಮಯ ಸಂಸ್ಥೆ, ಈ ಮೂರು ಕಡೆ ಒಂದೇ ದಿನ, ಸಾಧ್ಯವಾದರೆ ಒಂದೇ ಗಂಟೆಯೊಳಗೆ ಕೇಳಿದರೆ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುವುದರಿಂದ ಅಂದು ಕೊಡುವ ದರದಲ್ಲಿ ತಮ್ಮ ರಕ್ಷಣೆಗೆಂದು ಸ್ವಲ್ಪ ಹೆಚ್ಚೇ ಸೇರಿಸಿಕೊಂಡಿರುತ್ತಾರೆ. ಶಾಖೆಯಲ್ಲಿ ಮೊದಲು ತೋರಿಸುವ ಕಾರ್ಡ್ ರೇಟ್, ಅಂದರೆ ಅಂದಿನ ಪ್ರಕಟಿತ ದರ, ಕೊನೆಯ ಮಾತಲ್ಲ; ಇಷ್ಟು ದೊಡ್ಡ ಮೊತ್ತಕ್ಕೆ ಮ್ಯಾನೇಜರರು ದರ ನಿಗದಿ ಮಾಡುವ ಟ್ರೆಷರಿ ವಿಭಾಗವನ್ನು ಕೇಳಿ ದರ ಇಳಿಸಿಕೊಡಬಲ್ಲರು. ಸೀರೆ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುವ ನಮ್ಮವರು ಬ್ಯಾಂಕಿನ ಕೌಂಟರಿನಲ್ಲಿ ಮಾತ್ರ ಬಾಯಿ ತೆರೆಯುವುದಿಲ್ಲ. ನೀನು ಹಾಗಿರಬೇಡ.

ಇನ್ನೊಂದು ಮಾತು, ಇದನ್ನು ಅಲಕ್ಷಿಸಬೇಡ. ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಹೋಗುವ ಹಣ ನಡುವೆ ಬೇರೊಂದು ಬ್ಯಾಂಕನ್ನು ಹಾದುಹೋಗಬಹುದು, ಮತ್ತು ಆ ಬ್ಯಾಂಕು ತನ್ನ ಪಾಲನ್ನು ದಾರಿಯಲ್ಲೇ ಮುರಿದುಕೊಳ್ಳಬಹುದು. ಹದಿನೈದು ಯೂರೊ ಕಡಿಮೆಯಾಗಿ 11,889 ಮುಟ್ಟಿದರೂ ಖಾತೆ ಭರ್ತಿಯಾದಂತಲ್ಲ. ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ತಡೆಯುತ್ತದೆ, ಉಳಿದ ಚಿಲ್ಲರೆಗಾಗಿ ಮತ್ತೊಮ್ಮೆ ಶುಲ್ಕ ತೆತ್ತು ಕಳಿಸಬೇಕಾಗುತ್ತದೆ. ಅರ್ಜಿಯಲ್ಲಿ ವಿದೇಶದ ಖರ್ಚನ್ನು ಯಾರು ಭರಿಸುತ್ತಾರೆಂದು ಕೇಳುವಲ್ಲಿ ‘ಓಯುಆರ್’ ಎಂದಿರುವುದನ್ನೇ ಗುರುತಿಸು. ಅಂದರೆ ಎಲ್ಲ ಖರ್ಚೂ ಕಳಿಸುವವನದು. ಖಾತೆ ತೆರೆದುಕೊಟ್ಟ ಸಂಸ್ಥೆಯ ಶುಲ್ಕವೂ ಈ ಹಣದಲ್ಲೇ ಕಡಿತವಾಗುವುದಾದರೆ ಅದನ್ನೂ ಕೂಡಿಸಿಯೇ ಕಳಿಸು.

ತೆರಿಗೆಯ ವಿಷಯದಲ್ಲಿ ಗಾಬರಿ ಬೇಡ. ವಿನಿಮಯದ ಮೇಲಿನ ಜಿಎಸ್‌ಟಿ ಈ ಮೊತ್ತಕ್ಕೆ ಸಾವಿರ ರೂಪಾಯಿಯ ಆಸುಪಾಸು ಬರುತ್ತದೆ. ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಟಿಸಿಎಸ್ ಎಂಬುದು ಖರ್ಚಲ್ಲ, ಮುಂಗಡ. ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ವಜಾ ಹಾಕಿಕೊಳ್ಳಬಹುದು, ಹೆಚ್ಚಾಗಿದ್ದರೆ ಹಿಂದಕ್ಕೆ ಬರುತ್ತದೆ. ಆದರೂ ಅಷ್ಟು ತಿಂಗಳು ಹಣ ಸಿಕ್ಕಿಕೊಂಡಿರುತ್ತದೆ. 2025ರ ಏಪ್ರಿಲ್ 1ರಿಂದ ಒಂದು ಪ್ಯಾನ್‌ಗೆ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿಯವರೆಗೆ ಟಿಸಿಎಸ್ ಇಲ್ಲ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕಂತೂ ಅದು ಅನ್ವಯಿಸುವುದೇ ಇಲ್ಲ. ನಿನ್ನದು ಇಂದಿನ ದರದಲ್ಲಿ ಹತ್ತು ಲಕ್ಷ ದಾಟುತ್ತದೆ. ಸಾಲ ಹೇಗೂ ಮಂಜೂರಾಗಿರುವುದರಿಂದ ಮೊದಲು ಅದನ್ನೇ ಬಳಸು. ಮಿಕ್ಕಿದ್ದರಲ್ಲಿ ಒಂದು ಪಾಲು ನಿನ್ನ ಹೆಂಡತಿ ಸುಮಾಳ ಖಾತೆಯಿಂದ, ಅವಳ ಪ್ಯಾನ್ ಮೇಲೆ ಹೋಗಲಿ. ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರಂನಲ್ಲಿ ಉದ್ದೇಶ ಶಿಕ್ಷಣವೆಂದೇ ಇರಬೇಕು. ಅವಸರದಲ್ಲಿ ಉಡುಗೊರೆ ಎಂದು ಗುರುತು ಹಾಕಿದರೆ ಹತ್ತು ಲಕ್ಷ ಮೀರಿದ ಭಾಗಕ್ಕೆ ಶೇ 20 ಹಿಡಿಯುತ್ತಾರೆ.

ಜರ್ಮನಿಯ ಐಬಾನ್, ಅಂದರೆ ಅಂತರರಾಷ್ಟ್ರೀಯ ಖಾತೆ ಸಂಖ್ಯೆಯಲ್ಲಿ, ಡಿಇ ಸೇರಿ 22 ಅಕ್ಷರ-ಅಂಕಿಗಳಿರುತ್ತವೆ. ಅದನ್ನು ನೀನು ಓದು, ಸಿಂಚನಾ ತಾಳೆ ನೋಡಲಿ. ತಪ್ಪಾಗಿ ಹಣ ಮರಳಿದರೆ ಬ್ಯಾಂಕು ಯೂರೊ ಕೊಳ್ಳುವ ಕಡಿಮೆ ದರದಲ್ಲಿ ಮತ್ತೆ ರೂಪಾಯಿಯಾಗಿ ಬರುತ್ತದೆ; ನಷ್ಟ ಎರಡು ಸಲ.

ನಿನ್ನ ಷಡ್ಡಕನ ಪರಿಚಯದವರು ಇಲ್ಲಿ ರೂಪಾಯಿ ಪಡೆದು ಅಲ್ಲಿ ಯೂರೊ ಕೊಡಿಸುತ್ತಾರಂತೆ. ದರ ಎಷ್ಟೇ ಚೆನ್ನಾಗಿರಲಿ, ಆ ಬಾಗಿಲಿಗೆ ಹೋಗಬೇಡ. ಅದು ಹವಾಲಾ, 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಅಡಿ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ಅದೂ ಅಲ್ಲದೆ, ಹಣದ ಮೂಲ ಕೇಳಿದಾಗ ಮಗುವಿನ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಮೂರು ಕಡೆಯ ಲೆಕ್ಕ ಕೈಗೆ ಬಂದ ಕೂಡಲೇ ಅವುಗಳ ಫೋಟೋ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡು, ಆಮೇಲೆ ಸಹಿ ಹಾಕು. ಸುಮಾಳಿಗೂ ಸಿಂಚನಾಳಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ