ಆರು ಕತೆ ಮುಗಿದವು, ಇನ್ನು ಋಣದ ಲೆಕ್ಕ

ಹತ್ತೊಂಬತ್ತನೇ ಶತಮಾನದ ಐರಿಷ್ ಲೇಖಕಿ ಷಾರ್ಲಟ್ ರಿಡೆಲ್ ಅವರ ‘ವಿಯರ್ಡ್ ಸ್ಟೋರೀಸ್’ (1882) ಸಂಕಲನದ ಆರೂ ದೆವ್ವದ ಕತೆಗಳ ಕನ್ನಡ ಅನುವಾದ, ಜೊತೆಗೆ ಲೇಖಕಿಯ ಕಿರು ಜೀವನಚಿತ್ರ, ಕೊನೆಯ ಕರಡು ತಿದ್ದುವ ಹಂತ ದಾಟಿದೆ. ಕೈಜೋಡಿಸಿದವರೆಲ್ಲರಿಗೂ ನಮಸ್ಕಾರ. ಹೆಸರು ಹಾಕುತ್ತಿಲ್ಲ, ಬೇಡ ಎಂದವರೇ ಹೆಚ್ಚು. ಆದರೆ ಯಾರಿಂದ ಏನು ಸರಿಹೋಯಿತು ಎಂದು ಹೇಳದೆ ಬಿಡುವುದು ಸರಿಯಲ್ಲ.

ಮೊದಲ ಧನ್ಯವಾದ ಲೆಕ್ಕ ಬಲ್ಲವರಿಗೆ. ದೆವ್ವದ ಕತೆಗೆ ಲೆಕ್ಕಿಗರೇಕೆ ಎನ್ನಬಹುದು. ರಿಡೆಲ್ ಬರವಣಿಗೆಯಲ್ಲಿ ದೆವ್ವ ಬರುವ ಮೊದಲು ಬಾಡಿಗೆ ಬರುತ್ತದೆ. ‘ದಿ ಓಪನ್ ಡೋರ್’ ಕತೆ ಹೇಳುವವನು ಹರಾಜು ಕಚೇರಿಯ ಗುಮಾಸ್ತ. ‘ನಟ್ ಬುಷ್ ಫಾರ್ಮ್’ನವನು ಜಮೀನು ವಹಿಸಿಕೊಳ್ಳಲು ಬಂದವನು, ಅವನಿಗಿಂತ ಮುಂಚೆ ಅಲ್ಲಿದ್ದವನು ಹಣದ ಸಮೇತ ಕಾಣೆಯಾಗಿದ್ದಾನೆ. ಈ ಸಂಕಲನದ ಹೊರಗಿನ, 1875ರಲ್ಲಿ ಕ್ರಿಸ್‌ಮಸ್ ವಿಶೇಷಾಂಕವಾಗಿ ಬಂದ ‘ದಿ ಅನ್‌ಇನ್‌ಹ್ಯಾಬಿಟೆಡ್ ಹೌಸ್’ನಲ್ಲಂತೂ, ಹೆದರಿ ಮನೆ ಬಿಟ್ಟವನಿಂದ ಬಾಡಿಗೆ ವಸೂಲಿಗೆ ಪ್ರಕರಣ ಕೋರ್ಟಿಗೇ ಹೋಗುತ್ತದೆ.

ಆಗಿನ ಇಂಗ್ಲೆಂಡಿನ ಲೆಕ್ಕದಲ್ಲಿ ಪೌಂಡ್‌ಗೆ 20 ಶಿಲಿಂಗ್, ಶಿಲಿಂಗ್‌ಗೆ 12 ಪೆನ್ಸ್, ಗಿನಿಗೆ 21 ಶಿಲಿಂಗ್. ಮೊದಲ ಕರಡಿನಲ್ಲಿ ಇವೆಲ್ಲ ಇಂದಿನ ರೂಪಾಯಿಗೆ ಇಳಿದಿದ್ದವು. ಅದು ಕೆಟ್ಟಿತು. ವಿನಿಮಯ ದರದಿಂದ ಗುಣಿಸಿದರೆ ಬಂಗಲೆಯ ಬಾಡಿಗೆ ಚಹಾ ಖರ್ಚಿನಂತೆ ಕಾಣುತ್ತದೆ. ಬೆಲೆಯೇರಿಕೆ ಸೇರಿಸಿದರೆ ಅಂಕಿ ಉಬ್ಬುತ್ತದೆಯೇ ಹೊರತು ಗುಮಾಸ್ತನ ಬಡತನ ಕಾಣುವುದಿಲ್ಲ. ಮೂಲದ ಅಂಕಿಯನ್ನೇ ಉಳಿಸಿ ಪಕ್ಕದಲ್ಲಿ ಅದೇ ಕಾಲದ ಇನ್ನೊಂದು ಬೆಲೆ ಇಡಿ ಎಂದು ಲೆಕ್ಕಿಗರು ಹೇಳಿಕೊಟ್ಟರು. ಆಗ ಮೂರು ಸಂಪುಟದ ಕಾದಂಬರಿಯ ಬೆಲೆ 31 ಶಿಲಿಂಗ್ 6 ಪೆನ್ಸ್. ಮ್ಯೂಡಿಯ ಬಾಡಿಗೆ ಗ್ರಂಥಾಲಯದ ವರ್ಷದ ಚಂದಾ ಒಂದು ಗಿನಿ. ಒಂದು ಕಾದಂಬರಿ ಕೊಳ್ಳುವುದಕ್ಕಿಂತ ವರ್ಷವಿಡೀ ತಂದು ಓದುವುದೇ ಅಗ್ಗ! ಹಾಗಾಗಿ ಕಾದಂಬರಿ ಕೊಳ್ಳುತ್ತಿದ್ದದ್ದು ಹೆಚ್ಚಾಗಿ ಇಂಥ ಗ್ರಂಥಾಲಯಗಳೇ, ಅವಕ್ಕೆ ಬೇಕಿದ್ದದ್ದು ಮೂರು ಸಂಪುಟ. ಇಷ್ಟು ತಿಳಿದರೆ ರಿಡೆಲ್ ಕಾದಂಬರಿಗಳು ಯಾಕೆ ಅಷ್ಟು ಉದ್ದ ಎಂದು ವಿವರಿಸಬೇಕಿಲ್ಲ.

ಇಂಗ್ಲೆಂಡಿನಲ್ಲಿ ಬಾಡಿಗೆ ಕಟ್ಟುವ ರೂಢಿಯ ದಿನಗಳು ನಾಲ್ಕು: ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25. ಕ್ರಿಸ್‌ಮಸ್ ರಾತ್ರಿ ಬೆಂಕಿಯ ಮುಂದೆ ಕೂತು ಓದುವ ದೆವ್ವದ ಕತೆಗೂ ಮನೆಯ ಬಾಡಿಗೆಗೂ ಒಂದೇ ತಾರೀಖು. ಇದನ್ನು ಪುಸ್ತಕದ ಮೊದಲ ಪುಟದಲ್ಲೇ ಹಾಕಿ ಎಂದವರಿಗೆ ವಿಶೇಷ ವಂದನೆ.

ಮನೆ ಬಾಡಿಗೆ ವ್ಯವಹಾರದ ಒಬ್ಬರು ‘ಲೀಸ್’ ಪದವನ್ನು ಕಂಡಲ್ಲೆಲ್ಲ ಹೊಡೆದು ಹಾಕಿದರು. ಬೆಂಗಳೂರಿನಲ್ಲಿ ಲೀಸ್ ಎಂದರೆ ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಗಂಟು ವಾಪಸು. ರಿಡೆಲ್ ಬರೆಯುವುದು ವರ್ಷಗಳ ಕರಾರಿಗೆ ಸಹಿ ಹಾಕಿ ಕಂತಿನಲ್ಲಿ ಬಾಡಿಗೆ ಕಟ್ಟುವುದನ್ನು. ನಮ್ಮ ಅರ್ಥದಲ್ಲಿ ಓದಿದರೆ ದೆವ್ವ ಕಂಡವನು ಗಂಟು ಕೇಳಿಕೊಂಡು ಹೊರಡಬಹುದಲ್ಲ ಎನಿಸಿ ಕತೆಯ ಬಿಗಿಯೇ ಸಡಿಲುತ್ತದೆ. ಈಗ ಮನೆಗೆ ‘ಬಾಡಿಗೆ ಕರಾರು’, ಜಮೀನಿಗೆ ‘ಗೇಣಿ’.

ಕರಾವಳಿಯ ಓದುಗರು ‘ಭೂತ’ ತೆಗೆಸಿದರು. ತುಳುನಾಡಿನಲ್ಲಿ ಭೂತಕ್ಕೆ ಕೋಲ ಕೊಡುತ್ತಾರೆ, ಅದು ಊರು ಕಾಯುವ ದೈವ. ರಿಡೆಲ್ ಕತೆಯೊಂದರಲ್ಲಿ ಲಂಡನ್ನಿನ ವಾಕ್ಸ್‌ಹಾಲ್‌ನ ಹಳೇ ಮನೆಯಲ್ಲಿ ಚಿನ್ನ ಎಣಿಸುವ ಜಿಪುಣ ಮುದುಕಿಯನ್ನು ಆ ಸಾಲಿಗೆ ಸೇರಿಸುವುದು ಯಾರಿಗೂ ನ್ಯಾಯವಲ್ಲ. ಸಾಮಾನ್ಯವಾಗಿ ‘ದೆವ್ವ’, ‘ವಾಲ್‌ನಟ್ ಟ್ರೀ ಹೌಸ್’ನಲ್ಲಿ ಕಾಗದ ಹುಡುಕುತ್ತ ಅಲೆಯುವ ಮಗುವಿಗೆ ಮಾತ್ರ ‘ಪ್ರೇತ’ ಎಂದು ಇತ್ಯರ್ಥವಾಯಿತು.

ಗ್ರಂಥಪಾಲಕರು ತಪ್ಪಿಸಿದ ಅನಾಹುತ ದೊಡ್ಡದು. ಅದೇ 1882ರಲ್ಲಿ ಮಾರ್ಗರೆಟ್ ಓಲಿಫಂಟ್ ಕೂಡ ‘ದಿ ಓಪನ್ ಡೋರ್’ ಎಂಬ ದೆವ್ವದ ಕತೆ ಪ್ರಕಟಿಸಿದರು. ಅದು ಸ್ಕಾಟ್ಲೆಂಡಿನದು, ಪಾಳುಬಿದ್ದ ಬಾಗಿಲಲ್ಲಿ ಅಳುವ ದನಿಯದು. ನಮ್ಮ ಕಡತದಲ್ಲಿ ರಿಡೆಲ್ ಕತೆಯ ಬದಲು ಸೇರಿದ್ದದ್ದು ಅದು. ರಿಡೆಲ್ ಬಾಗಿಲು ಎಷ್ಟು ಮುಚ್ಚಿದರೂ ತೆರೆದುಕೊಳ್ಳುವಂಥದ್ದು. ಹುಡುಕುವವರಿಗೆ ಇನ್ನೊಂದು ಎಚ್ಚರಿಕೆ: ರಿಡೆಲ್ ಅವರ ಮೊದಮೊದಲ ಪುಸ್ತಕಗಳಲ್ಲಿ ಹಲವು ಎಫ್. ಜಿ. ಟ್ರಾಫರ್ಡ್ ಎಂಬ ಹೆಸರಲ್ಲಿವೆ, ಆಮೇಲಿನವು ಮಿಸೆಸ್ ಜೆ. ಎಚ್. ರಿಡೆಲ್ ಎಂದು.

ಜೀವನಚಿತ್ರ ತಿದ್ದಿದ ವಕೀಲರಿಗೂ ಋಣಿ. 1832ರಲ್ಲಿ ಐರ್ಲೆಂಡಿನ ಕ್ಯಾರಿಕ್‌ಫರ್ಗಸ್‌ನಲ್ಲಿ ಹುಟ್ಟು, ತಂದೆ ತೀರಿದ ಮೇಲೆ ತಾಯಿಯೊಡನೆ ಲಂಡನ್ನಿಗೆ, 1857ರಲ್ಲಿ ಎಂಜಿನಿಯರ್ ಜೋಸೆಫ್ ಹ್ಯಾಡ್ಲಿ ರಿಡೆಲ್ ಜೊತೆ ಮದುವೆ. ‘ಜಾರ್ಜ್ ಗೀತ್’ (1864) ಕಾದಂಬರಿಗೆ 800 ಪೌಂಡ್ ಸಿಕ್ಕಿತು. ಅದನ್ನು ನಮ್ಮ ಕರಡಿನಲ್ಲಿ ‘ಆಕೆಯ ಸ್ವಂತ ಗಳಿಕೆ’ ಎಂದು ಬರೆದದ್ದು ತಪ್ಪು. ವಿವಾಹಿತೆಯರ ಆಸ್ತಿ ಕಾಯ್ದೆ ಬಂದದ್ದು 1870ರಲ್ಲಿ. ಅದಕ್ಕೆ ಮುಂಚೆ ಹೆಂಡತಿಯ ಸಂಪಾದನೆ ಸಾಮಾನ್ಯ ಕಾನೂನಿನಲ್ಲಿ ಗಂಡನದು. ಇನ್ನೂ ವಿಶಾಲವಾದ ಕಾಯ್ದೆ ಬಂದದ್ದು 1882ರಲ್ಲಿ, ಅಷ್ಟರಲ್ಲಿ ಆಕೆ ವಿಧವೆ. ಗಂಡ ಬಿಟ್ಟುಹೋದ ಸಾಲ ತೀರಿಸುತ್ತ ಬರೆದವರು. 1901ರಲ್ಲಿ ಬ್ರಿಟನ್ನಿನ ಲೇಖಕರ ಸಂಘದ ಮೊದಲ ಪಿಂಚಣಿ ಆಕೆಗೆ ಸಂದಿತು, ವರ್ಷಕ್ಕೆ 60 ಪೌಂಡ್. ತೀರಿಕೊಂಡದ್ದು 1906ರಲ್ಲಿ.

ಅಚ್ಚಿಗೆ ಹೋಗುವ ಮುನ್ನ ಇನ್ನೊಮ್ಮೆ ಓದಿಕೊಡುವವರು ಪೌಂಡ್, ಗಿನಿ ಇರುವ ಪುಟಗಳನ್ನು ಮೊದಲು ನೋಡಿ. ಶಿಲಿಂಗ್ ಇರಬೇಕಾದಲ್ಲಿ ಪೆನ್ಸ್ ಬಿದ್ದದ್ದು ಈಗಾಗಲೇ ಎರಡು ಕಡೆ ಸಿಕ್ಕಿದೆ.