ಮುದಿ ಕುದುರೆ ಸೊರಗಿದರೆ ಮೊದಲು ಬಾಯಿ ನೋಡಿ

ಮಾನ್ಯ ಸಂಪಾದಕರೇ,

ಮದುವೆಯ ಕಾಲ ಮುಗಿದು ಮಳೆ ಹಿಡಿಯುವ ಹೊತ್ತಿಗೆ ತುಮಕೂರು–ಕುಣಿಗಲ್ ರಸ್ತೆಯ ಬದಿಯಲ್ಲೋ, ಕೆರೆಯಂಗಳದಲ್ಲೋ ಒಂದೆರಡು ಬಡಕಲು ಕುದುರೆಗಳು ಪ್ರತಿ ವರ್ಷವೂ ಕಣ್ಣಿಗೆ ಬೀಳುತ್ತವೆ. ಮೆರವಣಿಗೆಗಳಲ್ಲಿ, ದೇವರ ಉತ್ಸವಗಳಲ್ಲಿ ಹತ್ತಾರು ವರ್ಷ ದುಡಿದು, ಇನ್ನು ನೋಟಕ್ಕೆ ಚೆಂದವಿಲ್ಲವೆಂದು ಬಿಡಲ್ಪಟ್ಟ ಪ್ರಾಣಿಗಳು ಇವು. ಸಾಕಿದವರನ್ನು ಕೇಳಿದರೆ ಬರುವ ಉತ್ತರ ಒಂದೇ: ‘ವಯಸ್ಸಾಯಿತು ಸ್ವಾಮಿ, ತಿಂದದ್ದು ಮೈಗೆ ಹತ್ತುವುದಿಲ್ಲ.’ ಈ ಮಾತು ಬಹುಮಟ್ಟಿಗೆ ತಪ್ಪು ಎಂಬುದನ್ನು ನನ್ನ ಅನುಭವದಿಂದಲೇ ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ವಯಸ್ಸು ಮಾತ್ರದಿಂದ ಕುದುರೆ ಎಲುಬಿನ ಗೂಡಾಗುವುದಿಲ್ಲ. ಸೊರಗುವುದಕ್ಕೆ ಬೇರೆಯದೇ ಕಾರಣ ಇರುತ್ತದೆ, ಮತ್ತು ಆ ಕಾರಣ ಬಹಳ ಸಲ ಅದರ ಬಾಯಲ್ಲೇ ಇರುತ್ತದೆ.

ನಮ್ಮ ಮನೆಯಲ್ಲಿ ಗೌರಿ ಎಂಬ ಹೆಣ್ಣು ಕುದುರೆ ಇದೆ. ಈಗ ಅದಕ್ಕೆ 24 ವರ್ಷ. ಉತ್ಸವಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಈ ಪ್ರಾಣಿಯನ್ನು, ಅದರ ಯಜಮಾನರು ಇನ್ನು ಸಾಕಲಾರೆವೆಂದಾಗ ನಾವು ಮನೆಗೆ ಕರೆತಂದೆವು. ಎರಡು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಬೇಸಿಗೆಯಲ್ಲಿ ಇಳಿಯತೊಡಗಿತು: ಬೆನ್ನೆಲುಬಿನ ಎರಡೂ ಬದಿ ತಗ್ಗು ಬಿತ್ತು, ಸೊಂಟದ ಮೂಳೆಗಳು ಗೂಟದಂತೆ ಎದ್ದು ನಿಂತವು, ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಗೋದಲಿಯಲ್ಲಿ ಮೇವಿಗೆ ಕೊರತೆ ಇರಲಿಲ್ಲ. ನಾನು ಹುರುಳಿಯ ಪ್ರಮಾಣವನ್ನು ಇಮ್ಮಡಿ ಮಾಡಿದೆ. ಫಲವಾಗಿ ಲದ್ದಿಯಲ್ಲಿ ಹುರುಳಿಕಾಳು ಇಡಿಯಾಗಿ ಹೊರಬಂತೇ ಹೊರತು ಮೈಯಲ್ಲಿ ಏನೂ ಉಳಿಯಲಿಲ್ಲ. ಸಮೀಪದ ಪಶು ಚಿಕಿತ್ಸಾಲಯಕ್ಕೆ ಹೋದಾಗ ಒಂದು ಜಂತುಹುಳುವಿನ ಔಷಧ, ಒಂದು ಟಾನಿಕ್ ಚುಚ್ಚುಮದ್ದು ಸಿಕ್ಕಿತು. ಬಾಯಿ ತೆರೆದು ನೋಡಲಿಲ್ಲ. ನೋಡಲು ಅಲ್ಲಿ ಉಪಕರಣವೂ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಒಂದು ಬೆಳಿಗ್ಗೆ ಕಸ ಗುಡಿಸುವಾಗ ಗೋದಲಿಯ ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ, ಒದ್ದೆಯಾದ ಹುಲ್ಲಿನ ಉಂಡೆಗಳು ಐದಾರು ಬಿದ್ದಿದ್ದವು. ಕೈಗೆತ್ತಿಕೊಂಡು ಬಿಡಿಸಿದೆ. ರಾಗಿ ಹುಲ್ಲಿನ ಎಳೆಗಳು ಅರ್ಧ ಅಗಿದು, ಹಗ್ಗ ಹೊಸೆದಂತೆ ಸುತ್ತಿಕೊಂಡಿದ್ದವು. ಕುದುರೆ ಹುಲ್ಲನ್ನು ಬಾಯಿಗೆ ತೆಗೆದುಕೊಂಡು, ಅಗಿಯಲು ಹೋಗಿ, ನೋವಿಗೆ ಉಗುಳುತ್ತಿತ್ತು. ನಾನು ದಿನವೂ ಕಂಡು ‘ಮೇವು ಖಾಲಿಯಾಗಿದೆ, ತಿಂದಿದೆ’ ಎಂದುಕೊಳ್ಳುತ್ತಿದ್ದ ಮೇವಿನಲ್ಲಿ ಒಂದು ಪಾಲು ಹೀಗೆ ನೆಲದ ಮೇಲಿತ್ತು. ಈ ಉಂಡೆಗಳನ್ನು ನಾನು ತಿಂಗಳು ಮೊದಲೇ ಗಮನಿಸಬೇಕಿತ್ತು. ಅದರ ಬೇಸರ ಇಂದಿಗೂ ನನಗಿದೆ.

ಕುದುರೆಗಳ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರೊಬ್ಬರನ್ನು ದೂರದಿಂದ ಕರೆಸಿದೆವು. ಅವರು ಮಂಪರು ಬರುವ ಔಷಧ ಕೊಟ್ಟು, ಬಾಯಿ ಅಗಲಿಸುವ ಕಬ್ಬಿಣದ ಚೌಕಟ್ಟು ತೊಡಿಸಿ, ಟಾರ್ಚ್ ಬಿಟ್ಟು ತೋರಿಸಿದರು. ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಕುಡುಗೋಲಿನ ಬಾಯಿಯಂತೆ ಹರಿತವಾಗಿತ್ತು. ಅದು ತಾಗುವ ಕಡೆ ಕೆನ್ನೆಯ ಒಳಗೆ ಹುಣ್ಣು. ಕೆಳಗಿನ ಒಂದು ಹಲ್ಲು ಬಿದ್ದುಹೋಗಿ, ಅದರ ಎದುರಿನ ಮೇಲಿನ ಹಲ್ಲಿಗೆ ತಡೆಯಿಲ್ಲದೆ ಅದು ಉದ್ದಕ್ಕೆ ಇಳಿದು ಕೆಳಗಿನ ಒಸಡಿಗೆ ಒತ್ತುತ್ತಿತ್ತು. ವೈದ್ಯರು ಉದ್ದ ಹಿಡಿಯ ಅರದಿಂದ ಒಂದೊಂದೇ ಅಂಚನ್ನು ಉಜ್ಜಿ ಸಮ ಮಾಡಿದರು. ಮುಕ್ಕಾಲು ಗಂಟೆಯ ಕೆಲಸ.

ಇದರ ಕಾರಣ ಸರಳವಾದರೂ ನಮ್ಮಲ್ಲಿ ಬಹಳ ಜನರಿಗೆ ತಿಳಿದಿಲ್ಲ. ಕುದುರೆಗೆ ಅಗಿಯುವ ಹಲ್ಲುಗಳು 24. ಅವು ಒಮ್ಮೆ ಹುಟ್ಟಿ ನಿಲ್ಲುವಂಥವಲ್ಲ. ಒಸಡಿನೊಳಗಿಂದ ವರ್ಷಕ್ಕೆ 2–3 ಮಿಲಿಮೀಟರಿನಂತೆ ಹೊರಬರುತ್ತಾ, ಅಗಿಯುವಾಗ ಅಷ್ಟೇ ಸವೆಯುತ್ತಾ ಇರುತ್ತವೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲವಾದ್ದರಿಂದ ಮೇಲಿನ ಹಲ್ಲಿನ ಹೊರ ಅಂಚೂ ಕೆಳಗಿನ ಹಲ್ಲಿನ ಒಳ ಅಂಚೂ ಸವೆಯದೆ ಚೂಪಾಗುತ್ತವೆ. ಇಪ್ಪತ್ತು ದಾಟಿದ ಮೇಲೆ ಒಳಗಿನ ದಾಸ್ತಾನೇ ಮುಗಿಯುತ್ತಾ ಬಂದು ಹಲ್ಲು ಸಡಿಲವಾಗುತ್ತದೆ, ಬೀಳುತ್ತದೆ. ಹಸು ಎತ್ತುಗಳಿಗೆ ಮೆಲುಕು ಉಂಟು. ಅರೆಬರೆ ಅಗಿದು ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಸಾವಕಾಶವಾಗಿ ಅರೆಯಬಹುದು. ಕುದುರೆಗೆ ಆ ಅವಕಾಶವಿಲ್ಲ. ಮೊದಲ ಸಲ ಅಗಿಯದೆ ಒಳಗೆ ಹೋದ ಹುಲ್ಲು ಕರುಳಿನಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆ ತರುತ್ತದೆ, ಒಣ ಮೇವು ಅನ್ನನಾಳದಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ಕುದುರೆಗೆ ವಾಂತಿಯೂ ಆಗದು. ದನ ಸಾಕಿದ ಅನುಭವವನ್ನೇ ನೆಚ್ಚಿಕೊಂಡು ಕುದುರೆ ಸಾಕುವ ನಮ್ಮಂಥವರು ಎಡವುವುದು ಇಲ್ಲಿಯೇ.

ಹಲ್ಲು ಸರಿಪಡಿಸಿದ ಮಾತ್ರಕ್ಕೆ ಹೋದ ಹಲ್ಲು ಬರುವುದಿಲ್ಲವಾದ್ದರಿಂದ ಮೇವಿನ ರೀತಿಯನ್ನೂ ಬದಲಿಸಬೇಕಾಯಿತು. ಸಾಮಾನ್ಯವಾಗಿ ಕುದುರೆಗೆ ಅದರ ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು, ನೀರಿನಂಶ ಬಿಟ್ಟ ಲೆಕ್ಕದಲ್ಲಿ, ದಿನಕ್ಕೆ ಬೇಕು. ಗೌರಿಯ ಗಾತ್ರದ ನಾಟಿ ಕುದುರೆಗೆ ಇದು ನಾಲ್ಕರಿಂದ ಐದು ಕಿಲೋ ಆಗುತ್ತದೆ. ರಾಗಿ ಹುಲ್ಲನ್ನು ಉದ್ದಕ್ಕೆ ಹಾಕುವುದನ್ನು ನಿಲ್ಲಿಸಿ, ಯಂತ್ರದಲ್ಲಿ ಬೆರಳುಗಣ್ಣಿನಷ್ಟು ಸಣ್ಣಗೆ ಕತ್ತರಿಸಿ, ನೀರು ಚಿಮುಕಿಸಿ ಕೊಡುತ್ತೇವೆ. ಅದರ ಜೊತೆಗೆ ಹೆಸರಲ್ಲೇ ಕುದುರೆಯನ್ನು ಇಟ್ಟುಕೊಂಡಿರುವ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು, ಹೂ ಬಿಡುವ ಮೊದಲೇ ಕೊಯ್ದು, ಕತ್ತರಿಸಿ, ಏಳೆಂಟು ಕಿಲೋ ಹಸಿಯಾಗಿ ಹಾಕುತ್ತೇವೆ. ಹುರುಳಿ ಮುಕ್ಕಾಲು ಕಿಲೋ, ಮೆತ್ತಗೆ ಬೇಯಿಸಿ, ಕಿವುಚಿ, ಪೂರ್ತಿ ಆರಿಸಿ. ಬೆನ್ನಿನ ಸ್ನಾಯು ಮರಳಿ ತುಂಬಲು ಒಳ್ಳೆಯ ಸಸಾರಜನಕ ಬೇಕೆಂದು ಕಾಲು ಕಿಲೋ ಸೋಯಾ ಹಿಂಡಿಯನ್ನು, ಅರ್ಧ ಕಿಲೋ ಗೋಧಿ ಬೂಸಾವನ್ನು ನೀರಿನಲ್ಲಿ ಗಂಜಿಯಂತೆ ನೆನೆಸಿ ಅದಕ್ಕೆ ಕಲಸುತ್ತೇವೆ. ಮೇಲೆ ಅಡುಗೆ ಎಣ್ಣೆ. ಎಣ್ಣೆಯಲ್ಲಿ ಕಾಳಿಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಇದ್ದು, ಅಗಿಯುವ ಕಷ್ಟವೂ ಇಲ್ಲ. ಆದರೆ ಎರಡು ಚಮಚದಿಂದ ಶುರು ಮಾಡಿ ಎರಡು ವಾರದಲ್ಲಿ ನಿಧಾನವಾಗಿ ನೂರು ಮಿಲಿಲೀಟರಿಗೆ ಏರಿಸಬೇಕು, ಒಮ್ಮೆಗೇ ಸುರಿದರೆ ಭೇದಿ ಖಂಡಿತ.

ಬೂಸಾದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಸೊರಗಿದ ಪ್ರಾಣಿಗೆ ಬಕೆಟ್ಟುಗಟ್ಟಲೆ ಬೂಸಾ ಕೊಡುವುದು ನಮ್ಮ ಕಡೆಯ ರೂಢಿ. ಬೂಸಾದಲ್ಲಿ ರಂಜಕ (ಫಾಸ್ಫರಸ್) ಬಹಳ ಹೆಚ್ಚು, ಸುಣ್ಣದ ಅಂಶ (ಕ್ಯಾಲ್ಸಿಯಂ) ಬಹಳ ಕಡಿಮೆ. ಅದನ್ನೇ ಮುಖ್ಯ ಆಹಾರ ಮಾಡಿದರೆ ದೇಹ ಮೂಳೆಯಿಂದ ಸುಣ್ಣವನ್ನು ಎಳೆದುಕೊಂಡು, ಕಾಲು ಕುಂಟುತ್ತದೆ, ಮುಖದ ಮೂಳೆ ಊದುತ್ತದೆ. ನೇಪಿಯರ್ ಹುಲ್ಲಿನ ದೋಷವೂ ಇದೇ ಬಗೆಯದು. ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಸುವಿಗೆ ಒಗ್ಗುವ ಈ ಹುಲ್ಲನ್ನೇ ಕುದುರೆಗೆ ದಿನವೂ ಹಾಕಬಾರದು. ಕುದುರೆ ಮಸಾಲೆಯಲ್ಲಿ ಸುಣ್ಣ ಹೇರಳವಾಗಿರುವುದರಿಂದ ಬೂಸಾದೊಂದಿಗೆ ಅದು ಚೆನ್ನಾಗಿ ಹೊಂದುತ್ತದೆ. ಇನ್ನು, ಕೋಳಿ ಆಹಾರವನ್ನಾಗಲಿ, ಏನು ಬೆರೆಸಿದೆ ಎಂದು ತಿಳಿಯದ ದನದ ಆಹಾರವನ್ನಾಗಲಿ ಕುದುರೆಗೆ ಎಂದೂ ಹಾಕಕೂಡದು. ಇಂಥ ಕೆಲವು ಆಹಾರಗಳಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ದನ, ಕೋಳಿಗಳಿಗೆ ತೊಂದರೆ ಮಾಡದ ಪ್ರಮಾಣದಲ್ಲಿಯೇ ಕುದುರೆಯ ಹೃದಯವನ್ನು ಹಾಳುಮಾಡಿ ಕೊಲ್ಲಬಲ್ಲದು.

ಇಷ್ಟನ್ನೂ ಎರಡು ಹೊತ್ತಿಗೆ ಕೊಟ್ಟರೆ ಪ್ರಯೋಜನವಿಲ್ಲ. ಕುದುರೆಯ ಜಠರ ಅದರ ಗಾತ್ರಕ್ಕೆ ಹೋಲಿಸಿದರೆ ಚಿಕ್ಕದು; ದಿನದ ಬಹುಪಾಲು ಮೇಯುತ್ತಲೇ ಇರುವ ಪ್ರಾಣಿ ಅದು. ನಾವು ಐದು ಸಲ ಹಂಚಿ ಕೊಡುತ್ತೇವೆ, ಕೊನೆಯದು ರಾತ್ರಿ ಹತ್ತಕ್ಕೆ. ಯಾವ ಬದಲಾವಣೆಯನ್ನೂ ಹತ್ತು ದಿನಕ್ಕಿಂತ ಬೇಗ ಮಾಡುವುದಿಲ್ಲ. ಬೀದಿಯಲ್ಲಿ ಸಿಕ್ಕ, ವಾರಗಟ್ಟಲೆ ಉಪವಾಸವಿದ್ದ ಕುದುರೆಗೆ ಕನಿಕರಪಟ್ಟು ಬಕೆಟ್ ತುಂಬ ಕಾಳು, ಬೆಲ್ಲ ಇಡುವವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ: ಆ ಕಾಳೇ ಅದರ ಪ್ರಾಣ ತೆಗೆಯಬಹುದು. ಅಂಥ ಪ್ರಾಣಿಗೆ ಮೊದಲ ದಿನಗಳಲ್ಲಿ ಕಾಳು ಬೇಡ. ಕುದುರೆ ಮಸಾಲೆ ಸೊಪ್ಪನ್ನು ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ, ಜೊತೆಗೆ ಶುದ್ಧ ನೀರು, ಅಷ್ಟೇ. ನೀರು ಕುದುರೆಗೆ ದಿನಕ್ಕೆ 25 ಲೀಟರಿಗೂ ಹೆಚ್ಚು ಬೇಕು, ನಮ್ಮ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂದು ಹಿಡಿ ಉಪ್ಪು ಮೇವಿನಲ್ಲಿದ್ದರೆ ತಾನಾಗಿ ಕುಡಿಯುತ್ತದೆ.

ತೂಕ ಹೆಚ್ಚುತ್ತಿದೆಯೋ ಇಲ್ಲವೋ ಎಂಬುದು ದಿನವೂ ನೋಡುವ ಕಣ್ಣಿಗೆ ತಿಳಿಯದು. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಹೆಗಲ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಹೆಚ್ಚು ಕಡಿಮೆ ಸಿಗುತ್ತದೆ. ಗೌರಿಯ ಸುತ್ತಳತೆ 146, ಉದ್ದ 132 ಇದ್ದಾಗ ತೂಕ 237 ಕಿಲೋ. ಐದು ತಿಂಗಳ ಮೇಲೆ ಸುತ್ತಳತೆ 154 ಆಗಿ 264 ಕಿಲೋಗೆ ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರೆದಿಟ್ಟ ಆ ಅಂಕಿಗಳನ್ನು ನಮ್ಮ ಮನೆಯವರು ಈಗಲೂ ಬಂದವರಿಗೆ ತೋರಿಸುತ್ತಾರೆ. ಇದರ ಜೊತೆಗೆ ಕೈಯಾಡಿಸಿ ನೋಡುವುದೂ ಇದೆ. ಅಮೆರಿಕದ ಟೆಕ್ಸಸ್‌ನಲ್ಲಿ ಡಾನ್ ಹೆನೆಕೆ ಎಂಬುವರು 1983ರಲ್ಲಿ ರೂಪಿಸಿದ ಕ್ರಮದಲ್ಲಿ ಕತ್ತು, ಹೆಗಲ ದಿಬ್ಬ, ಹೆಗಲ ಹಿಂಭಾಗ, ಪಕ್ಕೆ, ಬೆನ್ನು, ಬಾಲದ ಬುಡ ಈ ಆರು ಕಡೆ ಮುಟ್ಟಿ ನೋಡಿ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ, ಐದು ಒಳ್ಳೆಯದು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸಿಗಬೇಕು. ಇದಕ್ಕಿಂತ ಮೈ ಬಂದರೂ ಒಳ್ಳೆಯದಲ್ಲ, ಮುದಿ ಕೀಲುಗಳಿಗೆ ಅದು ಭಾರ.

ಹಲ್ಲು, ಮೇವು ಎರಡೂ ಸರಿಯಿದ್ದು ಮತ್ತೂ ಇಳಿಯುತ್ತಿದ್ದರೆ ಲದ್ದಿಯಲ್ಲಿ ಜಂತುಹುಳುವಿನ ಮೊಟ್ಟೆ ಪರೀಕ್ಷಿಸಬೇಕು. ಪರೀಕ್ಷೆಯಿಲ್ಲದೆ ಪದೇ ಪದೇ ಔಷಧ ಹಾಕಿದರೆ ಹುಳುಗಳೇ ಅದಕ್ಕೆ ಒಗ್ಗಿಹೋಗುತ್ತವೆ. ಬೇಸಿಗೆಯಲ್ಲೂ ಉದುರದ ಉದ್ದ ಕೂದಲು, ಹೆಚ್ಚಿದ ಬಾಯಾರಿಕೆ ಮತ್ತು ಮೂತ್ರ, ಬೆನ್ನು ಒಣಗಿ ಹೊಟ್ಟೆ ಜೋತುಬೀಳುವುದು, ಗೊರಸಿನ ನೋವು, ಇವು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕಾಯಿಲೆಯ ಗುರುತುಗಳು. ಅಂಥ ಕುದುರೆಗೆ ಬೆಲ್ಲ, ಗಂಜಿ, ಕಾಳು ವಿಷವಿದ್ದಂತೆ. ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಂತೆ ನಡೆಯಬೇಕು.

ಈ ಪತ್ರದ ಮುಖ್ಯ ಬೇಡಿಕೆ ಪಶುಪಾಲನಾ ಇಲಾಖೆಯ ಮುಂದಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಕುದುರೆಗಳ ಸಂಖ್ಯೆ 2012ಕ್ಕಿಂತ ಶೇ 45ರಷ್ಟು ಇಳಿದು 3.4 ಲಕ್ಷಕ್ಕೆ ಬಂದಿದೆ. ಕುದುರೆ ಕಡಿಮೆಯಾದಂತೆ ಕುದುರೆಯ ಬಾಯಿ ನೋಡಿ ಅನುಭವವಿರುವ ವೈದ್ಯರೂ ತಾಲ್ಲೂಕು ಮಟ್ಟದಲ್ಲಿ ಕಡಿಮೆಯಾಗಿದ್ದಾರೆ; ಇದಕ್ಕೆ ಯಾರೊಬ್ಬರನ್ನೂ ದೂರುವುದು ನ್ಯಾಯವಲ್ಲ. ಆದರೆ ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಇರುವ ಜಿಲ್ಲೆಯಲ್ಲಿ, ನಾಟಿ ಕುದುರೆಯೊಂದರ ಹಲ್ಲು ಉಜ್ಜಿಸಲು ಬೆಂಗಳೂರಿನ ಕಡೆ ನೋಡಬೇಕಾದ ಸ್ಥಿತಿ ಇರಬಾರದು. ಜಿಲ್ಲಾ ಪಶು ಆಸ್ಪತ್ರೆಗೆ ಬಾಯಿ ಅಗಲಿಸುವ ಉಪಕರಣ ಒಂದು, ಅರಗಳ ಜೋಡಿ ಒಂದು ಕೊಡಿಸಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇಬ್ಬರು ವೈದ್ಯರಿಗೆ ತರಬೇತಿ ಕೊಡಿಸಿ, ಆರು ತಿಂಗಳಿಗೊಮ್ಮೆ ಒಂದು ದಿನವನ್ನು ಕುದುರೆಗಳ ದಂತ ತಪಾಸಣೆಗೆ ಮೀಸಲಿಟ್ಟರೆ ಸಾಕು. ಪಶು ಚಿಕಿತ್ಸೆಯ 1962 ಸಂಖ್ಯೆಯ ಸಹಾಯವಾಣಿಗೆ ಕರೆ ಮಾಡಿದವರಿಗೆ ಆ ದಿನ ಯಾವುದೆಂದು ಹೇಳುವಂತಾಗಲಿ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂಬುದನ್ನೂ ಬಾಡಿಗೆ ಕುದುರೆಗಳ ಯಜಮಾನರಿಗೆ ಅಂದೇ ತಿಳಿಸಬಹುದು.

ಹೆಬ್ಬೂರು ಸುತ್ತಮುತ್ತ ಮುದಿ ಕುದುರೆ ಸಾಕಿರುವವರು ಯಾರೇ ಬಂದರೂ ಟೇಪು ಹಿಡಿಯುವ ರೀತಿಯನ್ನು, ಮೇವು ನೆನೆಸುವ ಹದವನ್ನು ತೋರಿಸಿಕೊಡಲು ನಮ್ಮ ಮನೆಯವರೆಲ್ಲ ಸಿದ್ಧರಿದ್ದೇವೆ. ಗೌರಿಯ ಹಲ್ಲಿನ ಮುಂದಿನ ತಪಾಸಣೆ ದೀಪಾವಳಿಯ ಹೊತ್ತಿಗೆ ಬರುತ್ತದೆ. ಅಷ್ಟರೊಳಗೆ ಆ ಉಪಕರಣ ತುಮಕೂರಿಗೆ ಬಂದಿರಲಿ ಎಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಹೆಬ್ಬೂರು, ತುಮಕೂರು ತಾಲ್ಲೂಕು