ಬಚ್ಚಲ ಗೋಡೆಯ ಟೈಲ್ಸನ್ನು ಪೂಲ್‌ಗೆ ಮಾರಿದವರಿಗೆ

ಗೆ,
ಮಾಲೀಕರು,
ಟೈಲ್ಸ್ ಶೋರೂಮ್, ಬಿ.ಎಂ. ರಸ್ತೆ, ಹಾಸನ

ವಿಷಯ: ಜನವರಿಯಲ್ಲಿ ಕೊಂಡ 10 ಬಾಕ್ಸ್ “ಪೂಲ್ ಟೈಲ್ಸ್” ಪೂಲ್ ಟೈಲ್ಸೇ ಅಲ್ಲದ ಬಗ್ಗೆ

ಮಾನ್ಯರೇ,

ಸಿಟ್ಟಿನಲ್ಲಿ ಬರೆಯಬಾರದು ಅಂತ ಮೂರು ದಿನ ಕಾದೆ. ಸಿಟ್ಟು ಇಳಿಯಲಿಲ್ಲ, ಹಾಗಾಗಿ ಬರೆದುಬಿಡುತ್ತೇನೆ. ಸೋಮವಾರ ನಿಮ್ಮ ಅಂಗಡಿಗೆ ಒಂಬತ್ತನೇ ಸಲ ಫೋನ್ ಮಾಡಿದ್ದೆ. ಎತ್ತಿದ ಹುಡುಗ “ಒಂದ್ನಿಮಿಷ ಮೇಡಂ” ಅಂದು ಫೋನನ್ನು ಕೌಂಟರ್ ಮೇಲಿಟ್ಟ. ಕಟ್ ಮಾಡಲಿಲ್ಲ. “ಸಾರ್, ಅದೇ ಪೂಲ್ ಆಂಟಿ” ಅಂದಿದ್ದು ಕೇಳಿಸಿತು. “ಇಲ್ಲ ಅಂತ ಹೇಳೋ” ಅಂತ ಮ್ಯಾನೇಜರ್ ಹೇಳಿದ್ದೂ ಕೇಳಿಸಿತು. ಆಮೇಲೆ ಹುಡುಗ ವಾಪಸ್ ಬಂದು, “ಸಾರ್ ಬೆಂಗಳೂರಿಗೆ ಹೋಗಿದಾರೆ ಮೇಡಂ” ಅಂದ. ಕೌಂಟರ್‌ವರೆಗೆ ದನಿ ಕೇಳಿಸುವಷ್ಟು ಹತ್ತಿರದಲ್ಲಿ ಬೆಂಗಳೂರಿದೆ ಅಂತ ನನಗೆ ಗೊತ್ತಿರಲಿಲ್ಲ.

ನಡೆದದ್ದೆಲ್ಲ ನಿಮಗೆ ಗೊತ್ತು. ಆದರೂ ಮೊದಲಿಂದ ಬರೆಯುತ್ತೇನೆ, ಯಾಕೆಂದರೆ ಈ ಪತ್ರದ ಇನ್ನೊಂದು ಪ್ರತಿ ಬೇರೆ ಕಡೆಗೂ ಹೋಗಬಹುದು.

ನಮ್ಮದು ಆಲ್ದೂರಿನ ಕಡೆ ಸಣ್ಣ ತೋಟ, ನಾಲ್ಕು ರೂಮಿನ ಹೋಮ್‌ಸ್ಟೇ. ಕಾಫಿ ರೇಟು ಒಂದು ವರ್ಷ ಇದ್ದಂಗೆ ಇನ್ನೊಂದು ವರ್ಷ ಇರಲ್ಲ, ಅದಕ್ಕೇ ಸಾಲ ಮಾಡಿ ಪೂಲ್ ಕಟ್ಟಿಸಿದ್ದು. 32 ಅಡಿ ಉದ್ದ, 16 ಅಡಿ ಅಗಲ. ಒಳಗೆಲ್ಲ ಪ್ಲಾಸ್ಟರ್, ನೀರು ನಿಲ್ಲುವ ಮಟ್ಟದಲ್ಲಿ ಮಾತ್ರ ಸುತ್ತಲೂ ಅರ್ಧ ಅಡಿ ಟೈಲ್ಸ್ ಪಟ್ಟಿ. ವಾಟರ್‌ಲೈನ್ ಅಂತಾರಲ್ಲ, ಅದು. ನೋಡೋಕೆ ಸೀರೆಯ ಅಂಚಿನಷ್ಟೇ, ಆದರೆ ಇಡೀ ಪೂಲ್‌ನಲ್ಲಿ ಜಾಸ್ತಿ ಕಷ್ಟಪಡುವ ಜಾಗ ಅದೇ. ಒಂದು ಗಳಿಗೆ ಒದ್ದೆ, ಇನ್ನೊಂದು ಗಳಿಗೆ ಬಿಸಿಲಿಗೆ ಒಣ. ಬಂದವರ ಸನ್‌ಸ್ಕ್ರೀನು, ತಲೆಯ ಕೊಬ್ಬರಿ ಎಣ್ಣೆ, ಸಿಲ್ವರ್ ಓಕ್ ಎಲೆಯ ಕಸ ಎಲ್ಲ ತೇಲಿ ಬಂದು ಅಲ್ಲೇ ಅಂಟುತ್ತದೆ. ಪ್ಲಾಸ್ಟರ್ ಆದರೆ ಆ ಗೆರೆ ಉಜ್ಜಿದರೂ ಹೋಗಲ್ಲ. ಟೈಲ್ಸ್ ಆದರೆ ಬಟ್ಟೆಯಲ್ಲಿ ಒರೆಸಬಹುದು, ಟೈಲ್ಸ್ ಸರಿಯಾದದ್ದಾಗಿದ್ದರೆ.

ಬಣ್ಣ ಆರಿಸೋಕೆ ನಾನು ಎರಡು ಸಲ ಹಾಸನಕ್ಕೆ ಬಂದೆ. ಚಿಕ್ಕಮಗಳೂರಿಗೆ ಇಳಿದು, ಬೇಲೂರು ದಾಟಿ, ಬೆಳಗ್ಗೆ ಹೊರಟರೆ ಸಂಜೆ ಮನೆ. ನಿಮ್ಮವರು ತೋರಿಸಿದ್ದು ಆಕಾಶ ನೀಲಿ, ನಾನು ಕೇಳಿದ್ದು ಕಡು ಹಸಿರು. ಗಡಸು ನೀರಿನ ಊರಲ್ಲಿ ಕಡು ಬಣ್ಣ ಹಾಕಿದರೆ ಬಿಳಿ ಉಪ್ಪಿನ ಗೆರೆ ಎದ್ದು ಕಾಣುತ್ತದೆ, ನಿಜ. ನಮ್ಮದು ಹಳ್ಳದ ನೀರು, ತುಂಬಾ ಮೆದು. ಉಪ್ಪು ಕಟ್ಟುವುದಿಲ್ಲ, ಎಣ್ಣೆ ಜಿಡ್ಡೇ ನಮ್ಮ ಸಮಸ್ಯೆ. ಜಿಡ್ಡು ತಿಳಿ ಬಣ್ಣದ ಮೇಲೆ ಕಾಣುತ್ತದೆ, ಕಡು ಬಣ್ಣದ ಮೇಲೆ ಅಷ್ಟು ಕಾಣುವುದಿಲ್ಲ. ಇದನ್ನು ಹೇಳಿದ್ದಕ್ಕೆ “ಪಾಚಿ ಕಲರ್ ಯಾಕೆ ಮೇಡಂ” ಅಂದರು. ಅಂದುಕೊಳ್ಳಲಿ ಬಿಡಿ ಅಂತ ಸುಮ್ಮನಾದೆ. ಆದರೆ ಒಂದು ಮಾತು ಎರಡೆರಡು ಸಲ ಕೇಳಿದ್ದೆ: “ಇದು ಪೂಲ್‌ಗೇ ಮಾಡಿದ್ದಾ?” “ಬಾಕ್ಸ್ ಮೇಲೇ ಬರೆದಿದೆ ನೋಡಿ ಮೇಡಂ” ಅಂದರು. ನೋಡಿದೆ. “ಪೂಲ್ ಗ್ರೇಡ್” ಅಂತ ಸ್ಟಿಕರ್ ಇತ್ತು. ಸ್ಟಿಕರ್ ಕಥೆ ಆಮೇಲೆ ಹೇಳುತ್ತೇನೆ.

ಲೆಕ್ಕ ಹಾಕಿದ್ದೂ ನಿಮ್ಮವರೇ. ಸುತ್ತಳತೆ 96 ಅಡಿ, ಹತ್ತು ಪರ್ಸೆಂಟ್ ವೇಸ್ಟೇಜು, ಅಲ್ಲಿಗೆ 106 ಚದರಡಿ, 10 ಬಾಕ್ಸ್. ನಾನು ನಂಬಿ 12,500 ರೂಪಾಯಿ ಕೊಟ್ಟೆ. ಮನೆಗೆ ಬಂದ ಮೇಲೆ ಮೇಸ್ತ್ರಿ ನಕ್ಕ. “ಅಮ್ಮಾ, ಪಟ್ಟಿ ಅರ್ಧ ಅಡಿ ಅಲ್ವಾ? 96 ಅಡಿ ಉದ್ದಕ್ಕೆ 48 ಚದರಡಿ. ಐದು ಬಾಕ್ಸ್ ಸಾಕು.” ಉದ್ದದ ಅಡಿಯನ್ನೇ ಚದರಡಿ ಮಾಡಿ ಮಾರಿದ್ದೀರಿ. ತಪ್ಪು ಎಲ್ಲರೂ ಮಾಡುತ್ತಾರೆ. ನಿಮ್ಮ ಕೌಂಟರ್ ಹಿಂದೆಯೇ ದೊಡ್ಡ ಬೋರ್ಡ್ ಇದೆಯಲ್ಲ, ಒಡೆಯದ ಬಾಕ್ಸನ್ನು 15 ದಿನದಲ್ಲಿ ವಾಪಸ್ ಪಡೆಯುತ್ತೇವೆ ಅಂತ. ಹನ್ನೊಂದನೇ ದಿನ ಐದು ಬಾಕ್ಸನ್ನು ಜೀಪಿಗೆ ಹಾಕಿಕೊಂಡು ಬಂದೆ. “ಅದು ಫ್ಲೋರ್ ಟೈಲ್ಸಿಗೆ ಮೇಡಂ” ಅಂದರು. ಬೋರ್ಡಿನಲ್ಲಿ ಹಾಗೆ ಬರೆದಿಲ್ಲ. ಬಹುಶಃ ನಿಮ್ಮವರ ಮನಸ್ಸಿನಲ್ಲಿ ಬರೆದಿರಬೇಕು. ಬಾಕ್ಸ್ ವಾಪಸ್ ತಂದು ಕಾಫಿ ಗೋಡೌನಿನ ಮೂಲೆಯಲ್ಲಿಟ್ಟೆ.

ಮಾರ್ಚ್‌ನಲ್ಲಿ ನೀರು ತುಂಬಿಸಿದೆವು. ಮೇ ಕೊನೆಗೆ ಟೈಲ್ಸ್ ಮೈಮೇಲೆ ಕೂದಲೆಳೆಯಂಥ ಗೆರೆ. ಆಮೇಲೆ ಗೆರೆಯೊಳಗೆ ಕಪ್ಪು ಇಳಿಯಿತು. ಬೆರಳಿನಿಂದ ಬಡಿದರೆ ಟೊಳ್ಳು ಶಬ್ದ. ಜೂನ್ ಮೊದಲ ವಾರಕ್ಕೆ 17 ಟೈಲ್ಸ್ ಕಿತ್ತು ಬಂದಿದ್ದವು.

ಈಗ ಜೂನ್ ತಿಂಗಳ ಆ ದಿನ. ಇದನ್ನು ಪೂರ್ತಿ ಬರೆಯುತ್ತೇನೆ, ಬೇಜಾರಾದರೂ ಓದಿ.

ಹೊರಗೆ ಮಳೆ. ನಾನು ಕಿತ್ತು ಬಂದ ಎರಡು ಟೈಲ್ಸನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದೆ. ಮ್ಯಾನೇಜರ್ ಬೋಂಡಾ ತಿನ್ನುತ್ತಿದ್ದರು. ಎದುರಿಗೆ ಎರಡು ಕುರ್ಚಿ ಖಾಲಿ ಇದ್ದವು, ಒಂದರ ಮೇಲೆ ಅವರ ಹೆಲ್ಮೆಟ್ಟು, ಇನ್ನೊಂದರ ಮೇಲೆ ಕ್ಯಾಟಲಾಗು. ನಾನು ನಿಂತೇ ಇದ್ದೆ. ಬೋಂಡಾ ಮುಗಿಯಿತು, ಚಟ್ನಿ ಮುಗಿಯಿತು, ಕೈ ಒರೆಸಿಕೊಂಡರು, ಫೋನ್ ಬಂತು, ಅದರಲ್ಲಿ ಯಾರದೋ ಗೃಹಪ್ರವೇಶದ ಊಟದ ಮಾತು ಹತ್ತು ನಿಮಿಷ. ಆಮೇಲೆ ನನ್ನನ್ನು ನೋಡಿ, “ಹೇಳಿ” ಅಂದರು. ಪೇಪರ್ ಬಿಚ್ಚಿ ತೋರಿಸಿದೆ.

“ಆಸಿಡ್ ಹಾಕಿ ತೊಳೆದಿದೀರ.”

ಇಲ್ಲ ಅಂದೆ. ನನ್ನ ನೋಟ್‌ಬುಕ್ ತೆಗೆದೆ. ದಿನಾ ಬೆಳಗ್ಗೆ ಬರೆದಿಟ್ಟದ್ದು: ನೀರಿನ ಹುಳಿ ಎಷ್ಟು ಅಂತ ತೋರಿಸುವ ಪಿಎಚ್ 7.2ರಿಂದ 7.6ರೊಳಗೆ, ಕ್ಲೋರಿನ್ 1ರಿಂದ 3 ಪಿಪಿಎಂ ಒಳಗೆ. ಅವರು ನೋಟ್‌ಬುಕ್ ಮುಟ್ಟಲಿಲ್ಲ. “ಇದೆಲ್ಲ ನಿಮಗೆ ಯಾರು ಬರೆದುಕೊಟ್ರು?” ಅಂದರು. ನಾನೇ ಬರೆದದ್ದು ಅಂದೆ. ಪಕ್ಕದಲ್ಲಿದ್ದ ಹುಡುಗ ನಕ್ಕ.

“ಅಮ್ಮಾ, ಮನೆಯವರನ್ನ ಕಳಿಸಿ. ಸಾರ್ ಬಂದ್ರೆ ಟೆಕ್ನಿಕಲ್ ಆಗಿ ಮಾತಾಡಬಹುದು.”

ಇಷ್ಟರಲ್ಲಿ ಮೇಡಂ ಹೋಗಿ ಅಮ್ಮ ಬಂದಿತ್ತು, ಗಮನಿಸಿ. ನಮ್ಮ ಮನೆಯವರಿಗೆ ಕಾಳುಮೆಣಸಿನ ವಿಷಯ ಏನು ಕೇಳಿದರೂ ಗೊತ್ತು. ಟೈಲ್ಸ್ ಅಂದರೆ ಮಂಗಳೂರು ಹೆಂಚು ಅಷ್ಟೇ. ಹಾಗಾಗಿ ನಾನೇ ಟೆಕ್ನಿಕಲ್ ಆಗಿ ಮಾತಾಡಿದೆ. ಹಿಂದಿನ ರಾತ್ರಿ ಹೊಸ ಟೈಲ್ ಒಂದನ್ನು ಕಾಫಿ ಸ್ಯಾಂಪಲ್ ತೂಗುವ ತಕ್ಕಡಿಯಲ್ಲಿ ತೂಗಿದ್ದೆ, 260 ಗ್ರಾಂ. ರಾತ್ರಿಯಿಡೀ ನೀರಲ್ಲಿ ಹಾಕಿ ಬೆಳಗ್ಗೆ ಒರೆಸಿ ತೂಗಿದರೆ 298 ಗ್ರಾಂ. ಅಂದರೆ ನೂರಕ್ಕೆ ಹದಿನಾಲ್ಕೂವರೆ ಭಾಗ ನೀರು ಕುಡಿದಿದೆ. ಪೂಲ್‌ಗೆ ಹಾಕುವ ಪೋರ್ಸಿಲೇನ್ ಟೈಲ್ಸ್ ನೂರಕ್ಕೆ ಅರ್ಧ ಭಾಗಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಕುಡಿಯುವುದು ಒಳಗಿನ ಗೋಡೆಯ ಟೈಲ್ಸು. ನೀರು ಕುಡಿದ ಮೈ ಹಿಗ್ಗುತ್ತದೆ, ಮೇಲಿನ ಗಾಜಿನಂಥ ಹೊಳಪು ಪದರ, ಗ್ಲೇಜು, ಹಿಗ್ಗಲ್ಲ, ಅದಕ್ಕೇ ಗೆರೆ ಬೀಳುತ್ತದೆ. ಟೈಲ್ಸ್ ಮಾರುವವರಿಗೆ ಇದನ್ನು ನಾನು ಹೇಳಬೇಕಿತ್ತಾ?

ಅವರು ನಂಬಲಿಲ್ಲ. ಸರಿ ಅಂತ, ನನ್ನ ಬಾಟಲಿಯಿಂದ ಟೈಲ್ ಹಿಂಭಾಗಕ್ಕೆ ಒಂದು ಮುಚ್ಚಳ ನೀರು ಹಾಕಿದೆ. ಎಲ್ಲರೂ ನೋಡುತ್ತಿದ್ದಂತೆ ನೀರು ಒಳಗೆ ಹೋಯಿತು, ಬೇಸಿಗೆಯಲ್ಲಿ ಮಡಕೆ ಕುಡಿದ ಹಾಗೆ. ಎರಡು ಹನಿ ಮಾತ್ರ ಕೌಂಟರ್ ಮೇಲೆ ಬಿತ್ತು. ನಿಮ್ಮ ಮ್ಯಾನೇಜರ್ ಟೈಲ್ ನೋಡಲಿಲ್ಲ, ಆ ಎರಡು ಹನಿ ನೋಡಿದರು. “ಏನಮ್ಮಾ ಇದು, ಗಾಜಿನ ಕೌಂಟರ್, ಒರೆಸೋ ಇದನ್ನ” ಅಂತ ಹುಡುಗನನ್ನು ಕರೆದರು. ಆಮೇಲೆ ಕೊನೆಯದಾಗಿ, “ನಿಮಗೆ ಅಲ್ಲಿ ಹಳ್ಳ ಇದೆಯಲ್ಲಾ, ಪೂಲ್ ಯಾಕೆ ಬೇಕಿತ್ತು?”

ಈ ಸಲ ಹುಡುಗ ಒಬ್ಬನೇ ಅಲ್ಲ, ಗ್ರಾನೈಟ್ ನೋಡೋಕೆ ಬಂದಿದ್ದ ಗಿರಾಕಿಗಳೂ ನಕ್ಕರು. ನಾನು ಟೈಲ್ಸನ್ನು ಮತ್ತೆ ಅದೇ ಪೇಪರಿನಲ್ಲಿ ಸುತ್ತಿಕೊಂಡೆ. ಕೈ ನಡುಗುತ್ತಿತ್ತು, ಸುತ್ತೋಕೆ ಜಾಸ್ತಿ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಾದರೂ ಯಾರಾದರೂ “ಕೂತ್ಕೊಳಿ” ಅನ್ನುತ್ತಾರೇನೋ ಅಂತಿದ್ದೆ. ಹೆಲ್ಮೆಟ್ಟು ಮಾತ್ರ ಆರಾಮಾಗಿ ಕೂತಿತ್ತು.

ಜುಲೈಯಲ್ಲಿ ಫೋನ್ ಮಾಡಿದಾಗ ಇನ್ನೊಂದು ಸಲಹೆ ಕೊಟ್ಟರು: “ಪೂಲ್ ಪೂರ್ತಿ ಖಾಲಿ ಮಾಡಿ ಫೋಟೋ ಕಳಿಸಿ.” ಮಲೆನಾಡಿನ ಜುಲೈಯಲ್ಲಿ! ನೆಲದಡಿ ನೀರು ತುಂಬಿರುವಾಗ ಖಾಲಿ ಮಾಡಿದರೆ ಕೆಳಗಿನ ಒತ್ತಡಕ್ಕೆ ಪೂಲೇ ಮೇಲೆದ್ದು ಬಿರುಕು ಬಿಡಬಹುದು. ಟೈಲ್ಸ್ ಜೊತೆ ಪೂಲನ್ನೂ ಕಳೆದುಕೊಳ್ಳಲಿ ಅಂತ ಇತ್ತೇನೋ.

ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ಮೇಸ್ತ್ರಿ ನೀರಿಗೆ ಜಗ್ಗದ ಎಪಾಕ್ಸಿ ಗ್ರೌಟ್ ಬೇಕು ಅಂದಿದ್ದ. “ಸುಮ್ನೆ ದುಡ್ಡು ದಂಡ, ವೈಟ್ ಸಿಮೆಂಟ್ ಸಾಕು” ಅಂತ ನಿಮ್ಮವರೇ ಕಳಿಸಿದ್ದು. ಮೆದು ನೀರು ಸಿಮೆಂಟಿನ ಸುಣ್ಣವನ್ನು ಎಳೆದುಕೊಳ್ಳುತ್ತದೆ. ಸಂದಿಯಲ್ಲಿ ಈಗ ಉಗುರು ಹೋಗುತ್ತದೆ.

ಈಗ ಸ್ಟಿಕರ್. ಆಗಸ್ಟ್‌ನಲ್ಲಿ ಗೋಡೌನಿನ ಥಂಡಿಗೆ ಬಾಕ್ಸ್‌ಗಳ ಮೇಲಿನ ನಿಮ್ಮ “ಪೂಲ್ ಗ್ರೇಡ್” ಸ್ಟಿಕರ್ ತಾನಾಗಿಯೇ ಸುರುಳಿಯಾಗಿ ಬಿಟ್ಟುಕೊಂಡಿತು. ಅದರ ಕೆಳಗೆ ಕಂಪನಿಯವರೇ ಅಚ್ಚು ಹಾಕಿದ ಅಕ್ಷರ: ವಾಲ್ ಟೈಲ್ಸ್, ಒಳಗೋಡೆಗೆ ಮಾತ್ರ. ಐದಕ್ಕೆ ಐದು ಬಾಕ್ಸ್ ಮೇಲೂ. ಸ್ಟಿಕರನ್ನು ಸರಿಯಾಗಿ ಆ ಸಾಲಿನ ಮೇಲೇ ಅಂಟಿಸಿದ ಕೈ ಯಾವುದೋ, ಅಷ್ಟು ಅಚ್ಚುಕಟ್ಟಾಗಿ ನಮ್ಮ ಮೇಸ್ತ್ರಿಗೂ ಟೈಲ್ಸ್ ಕೂರಿಸೋಕೆ ಬರಲ್ಲ. ಜನವರಿಯಲ್ಲೇ ನಿಮ್ಮ ಬೋರ್ಡಿನ ಪ್ರಕಾರ ಆ ಬಾಕ್ಸ್ ವಾಪಸ್ ತಗೊಂಡಿದ್ದರೆ ಇವತ್ತು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಅದಕ್ಕೆ ಮಾತ್ರ ನಿಮ್ಮ ಮ್ಯಾನೇಜರಿಗೆ ನನ್ನ ಥ್ಯಾಂಕ್ಸ್ ತಿಳಿಸಿ.

ಲೆಕ್ಕ ಇಷ್ಟು. ಟೈಲ್ಸ್ 12,500, ಅಂಟು ಮತ್ತು ಗ್ರೌಟ್ 4,200, ಹಾಕಿದ ಕೂಲಿ 9,000, ಈಗ ಕಿತ್ತು ಸರಿಯಾದ ಪೋರ್ಸಿಲೇನ್ ಹಾಕಿಸೋಕೆ ಮೇಸ್ತ್ರಿ ಹೇಳಿದ್ದು 18,000. ಒಟ್ಟು 43,700 ರೂಪಾಯಿ. ಮೇ ತಿಂಗಳಿಂದ ಮುಖ ಸಿಂಡರಿಸಿಕೊಂಡು ಹೋದ ಗೆಸ್ಟ್‌ಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕಿತ್ತ ಟೈಲಿನ ಚೂಪು ಅಂಚಿಗೆ ಕಾಲು ಕೊಯ್ದುಕೊಂಡ ಮಗುವಿನ ಅಪ್ಪ ಆಡಿದ ಮಾತನ್ನೂ ಹಿಡಿದಿಲ್ಲ, ಅದಕ್ಕೆ ರೇಟು ಎಷ್ಟು ಹಾಕುವುದೋ ನನಗೆ ಗೊತ್ತಾಗಲಿಲ್ಲ.

15 ದಿನ ಕೊಡುತ್ತೇನೆ. ನಿಮ್ಮ ಬೋರ್ಡಿನಲ್ಲಿರುವಷ್ಟೇ ದಿನ.

ಬಿಲ್ಲಿನ ಕೆಳಗೆ “ಮಾರಿದ ಮಾಲು ವಾಪಸ್ ಇಲ್ಲ” ಅಂತ ಅಚ್ಚು ಹಾಕಿಸಿದ್ದೀರಿ, ನೋಡಿದ್ದೇನೆ. ಇಲ್ಲದ ಗುಣ ಇದೆ ಅಂತ ಹೇಳಿ ಮಾರಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಏನನ್ನುತ್ತದೆ ಅಂತ ನಿಮ್ಮ ವಕೀಲರನ್ನೇ ಕೇಳಿ. ಹೋಮ್‌ಸ್ಟೇ ವ್ಯಾಪಾರ, ಇವರು ಗ್ರಾಹಕರೇ ಅಲ್ಲ ಅಂತ ಅವರು ಹೇಳಬಹುದು. ಹೊಟ್ಟೆಪಾಡಿನ ಸ್ವಂತ ದುಡಿಮೆಗೆ ಕೊಂಡವರೂ ಗ್ರಾಹಕರೇ ಅಂತ ಅದೇ ಕಾಯ್ದೆಯಲ್ಲಿದೆ, ಮುಂದಿನ ಸಾಲೂ ಓದೋಕೆ ಹೇಳಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದು ನನಗೆ ಗೊತ್ತು. 5 ಲಕ್ಷದವರೆಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ ಅನ್ನುವುದೂ ಗೊತ್ತು. ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟಿದ್ದು ಇನ್ನೊಂದು: ದೂರು ಕೊಡುವವರು ಎಲ್ಲಿ ವಾಸವಾಗಿದ್ದಾರೋ ಆ ಜಿಲ್ಲೆಯಲ್ಲೇ ಕೊಡಬಹುದಂತೆ. ಅಂದರೆ ಚಿಕ್ಕಮಗಳೂರಿನಲ್ಲಿ. ನಾಲ್ಕು ಸಲ ನಾನು ಬೇಲೂರು ದಾಟಿ ಬಂದೆ, ಇನ್ನು ಪ್ರತಿ ತಾರೀಖಿಗೂ ನಿಮ್ಮ ಮ್ಯಾನೇಜರ್ ಈ ಕಡೆಗೆ ದಾಟಿ ಬರಲಿ.

ನಿಜ ಹೇಳಬೇಕಂದರೆ, 43,700 ಬಂದರೂ ಕೇಸ್ ಹಾಕಬೇಕು ಅಂತ ಮೂರು ದಿನದಿಂದ ಅನಿಸುತ್ತಿದೆ. ಐದು ಬಾಕ್ಸ್, ಬಿಚ್ಚಿಕೊಂಡ ಸ್ಟಿಕರ್, ತಕ್ಕಡಿ, ನೀರಿನ ಬಾಟಲಿ ಎಲ್ಲ ಜೀಪಿನಲ್ಲಿ ತರುತ್ತೇನೆ. ಅಲ್ಲಿಯ ಮೇಜಿನ ಮೇಲೂ ಎರಡು ಹನಿ ಬೀಳಬಹುದು. ಒರೆಸೋಕೆ ನಿಮ್ಮ ಹುಡುಗನನ್ನು ಕರೆದುಕೊಂಡು ಬನ್ನಿ.

ಮನೆಯವರನ್ನ ಕಳಿಸಿ ಅಂದಿದ್ದರಲ್ಲ, ಅವರು ಬರುವುದಿಲ್ಲ. ಕೊಯ್ಲು ಶುರುವಾಗುವ ಹೊತ್ತು. ನಾನೇ ಬರುತ್ತೇನೆ.

ಇತಿ,
ಪೂಲ್ ಆಂಟಿ